ನಿಮಗಿದು ಗೊತ್ತೆ? ವಿಶ್ವಕಪ್ ಫುಟ್‌ಬಾಲ್ ಆಡಿದ ಭಾರತೀಯ ಮೂಲದವ

ಭಾರತ ತಂಡ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಇದುವರೆಗೂ ಆಡಿಲ್ಲ. ಆದರೆ 2006ರಲ್ಲಿ ಜರ್ಮನಿಯಲ್ಲಿ ಭಾರತೀಯ ಮೂಲದ ಒಬ್ಬ ಆಟಗಾರ ಕಣಕ್ಕಿಳಿದಿದ್ದ, ಅದೂ ಜಿನೆದಿನ್ ಜಿದಾನ್ ನಾಯಕತ್ವದ ಫ್ರಾನ್ಸ್ ಪರವಾಗಿ. ಹೆಸರು ವಿಕಾಸ್ ದೊರಾಸೂ.

ಕಬ್ಬಿನ ತೋಟಗಳಲ್ಲಿ ದುಡಿಯಲು 19ನೇ ಶತಮಾನದಲ್ಲಿ ಸಾವಿರಾರು ಭಾರತೀಯರು ಕರಾರು ಕೂಲಿಗಳಾಗಿ ಮಾರಿಷಸ್‌ಗೆ ಹೋದರಲ್ಲ, ದೊರಾಸೂ ಕುಟುಂಬದ ಬೇರು ಅಲ್ಲಿಯದು. ಮಾರಿಷಸ್‌ನಿಂದ ಫ್ರಾನ್ಸ್‌ಗೆ ವಲಸೆ ಬಂದ ಈ ಕುಟುಂಬದಲ್ಲಿ 1973ರಲ್ಲಿ ವಿಕಾಸ್ ಹುಟ್ಟಿದ್ದು ಲ ಆವ್ರ್ ಬಂದರು ನಗರದ ಪಕ್ಕದ ಆರ್‌ಫ್ಲರ್‌ನಲ್ಲಿ. ಲ ಆವ್ರ್ ಕ್ಲಬ್‌ನಲ್ಲಿ ಬೆಳೆದ ಈ ಮಿಡ್‌ಫೀಲ್ಡರ್ ಮುಂದೆ ಲಿಯೋನ್, ಎಸಿ ಮಿಲಾನ್‌ನಂಥ ದೊಡ್ಡ ಕ್ಲಬ್‌ಗಳಿಗೆ ಆಡಿದ. 2006ರ ಫ್ರೆಂಚ್ ಕಪ್ ಫೈನಲ್‌ನಲ್ಲಿ ಮಾರ್ಸೇ ವಿರುದ್ಧ ಪ್ಯಾರಿಸ್ ಸೇಂಟ್ ಜರ್ಮೇನ್‌ಗೆ 2-1ರ ಗೆಲುವು ತಂದಿತ್ತದ್ದು ಇವನು ದೂರದಿಂದ ಬಾರಿಸಿದ ಗೋಲು.

ಸ್ವಾರಸ್ಯ ಇರುವುದು ಆ ವಿಶ್ವಕಪ್ ಕಥೆಯಲ್ಲಿ. ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಕೊನೆಯ ಕೆಲವೇ ನಿಮಿಷ ಬದಲಿ ಆಟಗಾರನಾಗಿ ಇಳಿದದ್ದು ಬಿಟ್ಟರೆ ದೊರಾಸೂಗೆ ಬೆಂಚೇ ಗತಿ. ತಂಡವೇನೋ ಫೈನಲ್ ತಲುಪಿತು. ಇವನು ಮಾತ್ರ ಸೂಪರ್ 8 ಕ್ಯಾಮೆರಾ ಹಿಡಿದು ತನ್ನ ಬೇಸರ, ಹೋಟೆಲ್ ಕೋಣೆಯ ಒಂಟಿತನವನ್ನೆಲ್ಲ ಚಿತ್ರೀಕರಿಸುತ್ತ ಹೋದ. ಗೆಳೆಯ ಫ್ರೆಡ್ ಪೂಲೆ ಜತೆ ಸೇರಿ ಮಾಡಿದ ಆ ಸಾಕ್ಷ್ಯಚಿತ್ರ 'ಸಬ್‌ಸ್ಟಿಟ್ಯೂಟ್' 2007ರಲ್ಲಿ ತೆರೆಕಂಡಿತು. ಗೆದ್ದವರ ಫುಟ್‌ಬಾಲ್ ಚಿತ್ರಗಳು ಬೇಕಾದಷ್ಟಿವೆ. ಬೆಂಚಿನ ಮೇಲೆ ಕೂತವನ ಚಿತ್ರ ಅಪರೂಪ.

ಫ್ರಾನ್ಸ್ ಪರ ಒಟ್ಟು 18 ಪಂದ್ಯ ಆಡಿದ ದೊರಾಸೂ, ನಿವೃತ್ತಿಯ ನಂತರ ಪೋಕರ್ ಆಟಕ್ಕೂ ಕೈಹಾಕಿದ. 2020ರಲ್ಲಿ ಪ್ಯಾರಿಸ್ ನಗರಪಾಲಿಕೆ ಚುನಾವಣೆಗೂ ನಿಂತಿದ್ದ.