ನಾಚಿಕೆಗೂ ಬೆಲೆಯುಂಟು

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿ ಸಂಕೇಶ್ವರದ ಕಡೆ ಬರುವಾಗ ಕಣಗಲಾ ಎಂಬ ಊರು ಸಿಗುತ್ತದೆ. ಯುಗಾದಿಗೋ ದೀಪಾವಳಿಗೋ ಊರಿಗೆ ಹೊರಟ ನಮ್ಮ ಸ್ಲೀಪರ್ ಬಸ್ಸುಗಳು ಅದನ್ನು ಕತ್ತಲಲ್ಲೇ ದಾಟಿಬಿಡುವುದರಿಂದ ಬಹಳ ಮಂದಿಗೆ ಅದರ ಪರಿಚಯವಿಲ್ಲ. ನಿಪ್ಪಾಣಿ ಅಂದರೆ ತಂಬಾಕು, ಸಂಕೇಶ್ವರ ಅಂದರೆ ಮೆಣಸಿನಕಾಯಿ. ಇವೆರಡರ ನಡುವಿನ ಈ ಊರಿನಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಲೇಟೆಕ್ಸ್, ಅಂದರೆ ಈಗಿನ ಎಚ್‌ಎಲ್‌ಎಲ್ ಲೈಫ್‌ಕೇರ್ ಸಂಸ್ಥೆಯ ಕಾರ್ಖಾನೆಯಿದೆ. 1985ರಲ್ಲಿ ಶುರುವಾದದ್ದು. ಕಾಂಡೋಮ್ ಮತ್ತು ಗರ್ಭನಿರೋಧಕ ಗುಳಿಗೆಗಳಿಗೆ ಹೆಸರಾದ ಕಾರ್ಖಾನೆ. ಬೆಳಗಾವಿ ಜಿಲ್ಲೆಯಲ್ಲಿ ನಮ್ಮವರ ಕೈಯಲ್ಲೇ ತಯಾರಾಗುವ ಈ ವಸ್ತುವಿನ ಹೆಸರನ್ನು ಔಷಧ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಲು ಮಾತ್ರ ನಮಗೆ ನಾಲಗೆ ಏಳುವುದಿಲ್ಲ.

ನಾನು ಗದಗ ಕಡೆಯವನು, ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ನಮ್ಮ ಬಡಾವಣೆಯ ಮೆಡಿಕಲ್‌ನಲ್ಲಿ ಕಾಂಡೋಮ್ ಪೆಟ್ಟಿಗೆಗಳು ಗಲ್ಲಾದ ಪಕ್ಕದಲ್ಲೇ, ಚಾಕೊಲೇಟಿನ ಎದುರಿಗೇ ಇವೆ. ಕೊಳ್ಳುವವರ ರೀತಿಯನ್ನು ನೋಡಬೇಕು. ಮೊದಲು ಒಂದು ಪಟ್ಟಿ ನೋವಿನ ಗುಳಿಗೆ ಕೇಳುತ್ತಾರೆ. ಪಕ್ಕದಲ್ಲಿ ಹೆಂಗಸರಿದ್ದರೆ ಮೊಬೈಲ್ ನೋಡುತ್ತ ನಿಲ್ಲುತ್ತಾರೆ. ಅಂಗಡಿ ಖಾಲಿಯಾದ ಮೇಲೆ ಕಣ್ಣಲ್ಲೇ ಪೆಟ್ಟಿಗೆ ತೋರಿಸುತ್ತಾರೆ. ಅಂಗಡಿಯವನು ಕೈಗೆ ಸಿಕ್ಕದ್ದನ್ನು, ಹೆಚ್ಚಾಗಿ ದುಬಾರಿಯದ್ದನ್ನೇ, ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಬೆಲೆ ಕೇಳುವವರಿಲ್ಲ, ಅವಧಿ ಮುಗಿಯುವ ದಿನಾಂಕ ನೋಡುವವರಿಲ್ಲ. ಒಂದು ಇಯರ್‌ಫೋನ್ ಕೊಳ್ಳಲು ನಾಲ್ಕು ಆ್ಯಪ್‌ಗಳಲ್ಲಿ ಬೆಲೆ ಹೋಲಿಸುವ ನಾವು ಇಲ್ಲಿ ಮಾತ್ರ ಹೇಳಿದಷ್ಟು ಕೊಟ್ಟು ಹೊರಬೀಳುತ್ತೇವೆ.

ನನ್ನ ವಾದ ಇಷ್ಟೇ. ನಮ್ಮಂಥ ಸಂಬಳದವರಿಗೆ ಕಾಂಡೋಮ್ ದುಬಾರಿ ವಸ್ತುವಲ್ಲ, ಬಡವರಿಗೆ ಅದು ಪುಕ್ಕಟೆಯಾಗಿಯೂ ಸಿಗುತ್ತದೆ. ನಮಗೆ ದುಬಾರಿ ಬೀಳುತ್ತಿರುವುದು ನಾಚಿಕೆ. ಆ ನಾಚಿಕೆಯ ಬಿಲ್ಲನ್ನು ಕಟ್ಟುತ್ತಿರುವವರು ಬಹುತೇಕ ಹೆಂಗಸರು.

ಐದು ಪೈಸೆಯ ಕಥೆ

ಬೆಲೆಯ ವಿಚಾರದಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. 1968ರಲ್ಲಿ ಸರ್ಕಾರ ‘ನಿರೋಧ್’ ಎಂಬ ಹೆಸರಿನಲ್ಲಿ ಕಾಂಡೋಮ್ ಮಾರಾಟ ಶುರುಮಾಡಿದಾಗ ಒಂದರ ಬೆಲೆ 5 ಪೈಸೆ, ಮೂರಕ್ಕೆ 15 ಪೈಸೆ. ಮೊದಲು ಸರಕು ಹೊರದೇಶಗಳಿಂದ ಬಂತು. ಮರುವರ್ಷ ತಿರುವನಂತಪುರದಲ್ಲಿ ಜಪಾನಿನ ತಂತ್ರಜ್ಞಾನದಿಂದ ನಮ್ಮದೇ ಕಾರ್ಖಾನೆ ಶುರುವಾಯಿತು. ಚಹಾ, ಸಾಬೂನು, ಸಿಗರೇಟು ಮಾರುವ ದೊಡ್ಡ ಕಂಪನಿಗಳ ವಿತರಣಾ ಜಾಲವನ್ನೇ ಬಳಸಿ ಅದನ್ನು ಹಳ್ಳಿಯ ಅಂಗಡಿಗೂ ಮುಟ್ಟಿಸಿದರು. ನಮ್ಮೂರಿನಂಥ ಊರುಗಳಲ್ಲಿ ಇಂದಿಗೂ ಹಿರಿಯರ ಬಾಯಲ್ಲಿ ಕಾಂಡೋಮ್‌ಗೆ ‘ನಿರೋಧ್’ ಎಂದೇ ಹೆಸರು.

ಇಂದಿಗೂ ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಎಚ್‌ಐವಿ ಪರೀಕ್ಷಾ ಕೇಂದ್ರಗಳಲ್ಲಿ ನಿರೋಧ್ ಉಚಿತ. 2011ರಲ್ಲಿ ಬಂದ ಯೋಜನೆಯಂತೆ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ತಂದುಕೊಟ್ಟರೆ ಮೂರರ ಪೊಟ್ಟಣಕ್ಕೆ 1 ರೂಪಾಯಿ. ಕಾಂಡೋಮ್ ಮೇಲೆ ಜಿಎಸ್‌ಟಿ ಇಲ್ಲ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲೂ ಅದರ ಹೆಸರಿದೆ. ಆ ಆಧಾರದ ಮೇಲೆ 2013ರಲ್ಲಿ ಔಷಧ ಬೆಲೆ ಪ್ರಾಧಿಕಾರ ಒಂದು ಕಾಂಡೋಮ್‌ಗೆ 6 ರೂಪಾಯಿ 56 ಪೈಸೆಯ ಮಿತಿ ಹಾಕಿತ್ತು. ತಮ್ಮ ಸರಕು ಔಷಧವಲ್ಲ, ಸುಖದ ಸಾಧನ ಎಂದು ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. 2015ರಲ್ಲಿ ನ್ಯಾಯಾಲಯ ಬೆಲೆ ಮಿತಿಯ ಆದೇಶವನ್ನು ರದ್ದುಮಾಡಿತು.

ಈಗ ಸಾಮಾನ್ಯ ಬ್ರ್ಯಾಂಡ್ ಒಂದಕ್ಕೆ ಅಂದಾಜು 10 ರೂಪಾಯಿ, ಹೊಳೆಯುವ ಪೆಟ್ಟಿಗೆಯದ್ದು 30 ರೂಪಾಯಿ ಎಂದಿಟ್ಟುಕೊಳ್ಳಿ. ವಾರಕ್ಕೆ ಎರಡರ ಲೆಕ್ಕದಲ್ಲಿ ವರ್ಷಕ್ಕೆ 104. ಮೊದಲನೆಯದಾದರೆ 1,040 ರೂಪಾಯಿ, ಎರಡನೆಯದಾದರೆ 3,120. ದೀಪಾವಳಿ ಹಿಂದಿನ ದಿನ ಊರಿಗೆ ಹೋಗಲು ಖಾಸಗಿ ಬಸ್ಸಿಗೆ ಎಷ್ಟು ತೆರುತ್ತೇವೆ ನೆನಪಿಸಿಕೊಳ್ಳಿ. ಒಂದು ಸಲದ ಟಿಕೆಟ್ಟಿನಲ್ಲಿ ಇಡೀ ವರ್ಷದ ಸುರಕ್ಷತೆ ಮುಗಿಯುತ್ತದೆ.

ಹಾಗಾದರೆ 30 ರೂಪಾಯಿಯದ್ದು ಹೆಚ್ಚು ಸುರಕ್ಷಿತವೇ? ಹೆಚ್ಚು ಹಣ ಹೋಗುವುದು ತೆಳುವಿಗೆ, ಪರಿಮಳಕ್ಕೆ, ಜಾಹೀರಾತಿಗೆ. ಲೇಟೆಕ್ಸ್ ಕಾಂಡೋಮ್‌ನ ಗುಣಮಟ್ಟಕ್ಕೆ ಔಷಧ ನಿಯಮಗಳ ‘ಷೆಡ್ಯೂಲ್ ಆರ್’ ಎಂಬ ಪಟ್ಟಿಯಲ್ಲಿ ಮಾನದಂಡಗಳಿವೆ. ಸರ್ಕಾರದ್ದಾದರೂ ಖಾಸಗಿಯದ್ದಾದರೂ ಅದನ್ನು ದಾಟಲೇಬೇಕು. ಕಾರ್ಖಾನೆಯಲ್ಲಿ ಪ್ರತಿಯೊಂದು ಕಾಂಡೋಮ್‌ನಲ್ಲೂ ಸೂಜಿಮೊನೆಯಷ್ಟು ತೂತಿದೆಯೇ ಎಂದು ವಿದ್ಯುತ್ ಹಾಯಿಸಿ ನೋಡುತ್ತಾರೆ. ಪ್ರತಿ ಬ್ಯಾಚಿನಿಂದ ಕೆಲವನ್ನು ಆರಿಸಿ 300 ಮಿಲಿಲೀಟರ್ ನೀರು ತುಂಬಿ ಸೋರುತ್ತದೆಯೇ ಪರೀಕ್ಷಿಸುತ್ತಾರೆ, ಇನ್ನು ಕೆಲವಕ್ಕೆ ಗಾಳಿ ತುಂಬಿ ಒಡೆಯುವವರೆಗೂ ಉಬ್ಬಿಸುತ್ತಾರೆ. ಶುಕ್ರವಾರ ಸಂಜೆ ನಾವು ರಿಲೀಸ್ ಮಾಡುವ ಕೋಡಿಗೆ ಇಷ್ಟು ಟೆಸ್ಟಿಂಗ್ ಆಗಿರುವುದಿಲ್ಲ.

ಕಣ್ಣು ತಪ್ಪಿಸಿದರೆ ಸಾಕು

ನಾಚಿಕೆಯನ್ನು ಅಳೆಯುವ ಮಾಪಕವಿಲ್ಲ ನಿಜ. ಆದರೆ 2017ರಲ್ಲಿ ಒಂದು ಪ್ರಯೋಗ ನಡೆಯಿತು. ಏಡ್ಸ್ ಹೆಲ್ತ್‌ಕೇರ್ ಫೌಂಡೇಶನ್ ಎಂಬ ಸಂಸ್ಥೆ ಆ ವರ್ಷದ ಏಪ್ರಿಲ್ ಕೊನೆಯಲ್ಲಿ ಫೋನ್ ಅಥವಾ ಇಮೇಲ್ ಮಾಡಿದವರಿಗೆ ಕಾಂಡೋಮ್‌ಗಳನ್ನು ಉಚಿತವಾಗಿ ಮನೆಗೆ ಕಳಿಸುವ ವ್ಯವಸ್ಥೆ ಮಾಡಿತು. ಸುಮಾರು 10 ಲಕ್ಷ ಕಾಂಡೋಮ್‌ಗಳ ದಾಸ್ತಾನು ಡಿಸೆಂಬರ್‌ವರೆಗೆ ಸಾಕಾಗುತ್ತದೆ ಎಂಬ ಅಂದಾಜಿತ್ತು. ಜುಲೈ ಮೊದಲ ವಾರದಲ್ಲೇ ಖಾಲಿ! ವ್ಯಕ್ತಿಗಳಾಗಿ ಬೇಡಿಕೆ ಕಳಿಸಿದವರಲ್ಲಿ ದೆಹಲಿ ಮತ್ತು ಕರ್ನಾಟಕದವರೇ ಹೆಚ್ಚು ಎಂದು ಆಗ ಸುದ್ದಿಯಾಗಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವುದನ್ನು ಜನ ಹೀಗೆ ಮುಗಿಬಿದ್ದು ತರಿಸಿಕೊಂಡದ್ದೇಕೆ? ಅಲ್ಲಿ ಯಾರ ಮುಖವನ್ನೂ ನೋಡಬೇಕಿರಲಿಲ್ಲ. ಇಂದು ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ತಂದುಕೊಡುವ ಆ್ಯಪ್‌ಗಳು ನಮ್ಮಂಥವರಿಗೆ ಅದೇ ಉಪಕಾರ ಮಾಡುತ್ತಿವೆ.

ಆದರೆ ಆ್ಯಪ್ ಎಲ್ಲರ ಕೈಗೂ ಎಟುಕುವುದಿಲ್ಲ. ನಾವು ಕೆಲಸ ಮಾಡುವ ಐಟಿ ಪಾರ್ಕುಗಳ ಪಕ್ಕದಲ್ಲೇ ಕಟ್ಟಡ ಕಟ್ಟುತ್ತಿರುವ ಯಾದಗಿರಿ, ಕಲಬುರ್ಗಿ, ವಿಜಯಪುರದ ಕಡೆಯವರಿಗೆ ಶೆಡ್ಡೇ ವಿಳಾಸ. ಊರು ಬಿಟ್ಟು ತಿಂಗಳುಗಟ್ಟಲೆ ಒಂಟಿಯಾಗಿರುವ ದುಡಿಯುವ ಗಂಡಸರಲ್ಲಿ ಸೋಂಕಿನ ಅಪಾಯ ಹೆಚ್ಚು ಎಂಬ ಕಾರಣಕ್ಕೇ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ವಲಸೆ ಕಾರ್ಮಿಕರಿಗೂ ಲಾರಿ ಚಾಲಕರಿಗೂ ಪ್ರತ್ಯೇಕ ಕಾರ್ಯಕ್ರಮ ಇಟ್ಟುಕೊಂಡಿದೆ. ನಿಮ್ಮ ಸೊಸೈಟಿಯಲ್ಲಿ ಕೆಲಸ ಮಾಡುವ ಊರ ಕಡೆಯ ಹುಡುಗ ಪರಿಚಯವಿದ್ದರೆ ಸರ್ಕಾರಿ ಆಸ್ಪತ್ರೆಯ ದಾರಿ ತೋರಿಸಿ, ಪುಕ್ಕಟೆ ಸಿಗುತ್ತದೆ ಎಂದು ಕನ್ನಡದಲ್ಲಿ ಹೇಳಿ. ಮರಾಠಿಯೋ ತೆಲುಗೋ ಬಾರದವನಿಗೆ ಅಂಗಡಿಯಲ್ಲಿ ಬಾಯಿ ಬಿಡಲು ಎರಡು ಪಟ್ಟು ಅಂಜಿಕೆ.

ಯಾರ ಪಾಳಿ?

ನಾಚಿಕೆಯ ನಿಜವಾದ ಬೆಲೆ ಮನೆಯೊಳಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ದಂಪತಿಗಳಲ್ಲಿ ಕಾಂಡೋಮ್ ಬಳಸುವವರು ಶೇ 9.5. ಹೆಂಡತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವವರು ಶೇ 37.9. ಗಂಡನಿಗೆ ಆಗಿರುವವರು ಶೇ 0.3. ಕರ್ನಾಟಕದಲ್ಲಂತೂ ಹೆಂಗಸರ ಶಸ್ತ್ರಚಿಕಿತ್ಸೆಯ ಪಾಲು ಅರ್ಧಕ್ಕಿಂತ ಹೆಚ್ಚು. ಊರ ಗೋಡೆಗಳ ಮೇಲೆ ‘ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ’ ಎಂದು ಬರೆದದ್ದನ್ನು ಓದುತ್ತ ಬೆಳೆದವರು ನಾವು. ಆರತಿಯೂ ಕೀರ್ತಿಯೂ ಆದ ಮೇಲೆ ಹಾಸಿಗೆ ಹಿಡಿದು ಹೊಲಿಗೆ ಹಾಕಿಸಿಕೊಳ್ಳಬೇಕಾದವರು ಯಾರು ಎಂದು ಗೋಡೆ ಹೇಳಲಿಲ್ಲ.

ನಮ್ಮವ್ವನಿಗೆ ತಂಗಿ ಹುಟ್ಟಿದ ವರ್ಷವೇ ಆಪರೇಷನ್ ಆಗಿತ್ತು. ನನ್ನ ಎರಡನೇ ಮಗುವಿನ ಬಾಣಂತನಕ್ಕೆಂದು ಪುಣೆಗೆ ಬಂದಾಗ ಸೊಸೆಗೂ ಅದನ್ನೇ ಹೇಳಿದಳು. “ಗಂಡಸರು ಭಾರಾ ಎತ್ತಾವ್ರು, ದುಡ್ಯಾವ್ರು. ಅವ್ರಿಗ್ಯಾಕ ಅದೆಲ್ಲಾ? ನೀನ ಮಾಡಿಸ್ಕೊಂಡುಬಿಡವಾ” ಎಂದಳು. ಅವ್ವನ ಮಾತಿನಲ್ಲಿ ಸಿಟ್ಟಾಗಲಿ ದಬ್ಬಾಳಿಕೆಯಾಗಲಿ ಇರಲಿಲ್ಲ. ಅವಳ ಕಾಲದಲ್ಲಿ ಅವಳಿಗೆ ಯಾರೂ ಬೇರೆ ದಾರಿ ತೋರಿಸಿರಲಿಲ್ಲ, ಅಷ್ಟೆ. ರಾತ್ರಿ ಹೆಂಡತಿ ನನ್ನ ಹತ್ತಿರ ಮೆಲ್ಲಗೆ ಅಂದಳು: “ಎರಡ ಸಲ ಹೊಟ್ಟಿ ಕೊಯ್ಸ್ಕೊಂಡೀನಿ ರೀ. ಇನ್ನ ನಿಮ್ಮ ಪಾಳಿ.” ಅದಕ್ಕೆ ಎದುರಾಡುವಂಥದ್ದೇನೂ ನನಗೆ ಕಾಣಲಿಲ್ಲ. ಅಂದಿನಿಂದ ಆ ಹೊಣೆ ನನ್ನದು. ಮುಂದೆ ನಸ್‌ಬಂದಿ ಮಾಡಿಸಿಕೊಳ್ಳುವ ಮಾತೂ ನಮ್ಮಿಬ್ಬರ ನಡುವೆ ಇದೆ. ಹೆಂಗಸರ ಶಸ್ತ್ರಚಿಕಿತ್ಸೆಗಿಂತ ಅದು ಸರಳ, ಹೊಟ್ಟೆ ಕೊಯ್ಯುವ ಮಾತೇ ಇಲ್ಲ.

ತುರ್ತು ಗುಳಿಗೆಯ ವಿಷಯವೂ ಹೀಗೆಯೇ. ಗಂಡಸು ಅಂಗಡಿಗೆ ಹೋಗಲು ನಾಚಿಕೊಂಡ ರಾತ್ರಿಯ ಮರುದಿನ ಗುಳಿಗೆ ನುಂಗುವುದು ಹೆಣ್ಣು. ಅದು 72 ಗಂಟೆಯೊಳಗೆ, ಆದಷ್ಟು ಬೇಗ ತೆಗೆದುಕೊಳ್ಳಬೇಕಾದ ತುರ್ತು ಉಪಾಯ. ತಿಂಗಳು ತಿಂಗಳ ರೂಢಿಗೆ ಹೇಳಿದ್ದಲ್ಲ. ಆ ಗುಳಿಗೆಯಾಗಲಿ, ದಿನದ ಗುಳಿಗೆಯಾಗಲಿ, ಕಾಪರ್–ಟಿಯಾಗಲಿ, ಯಾವ ಶಸ್ತ್ರಚಿಕಿತ್ಸೆಯೇ ಆಗಲಿ ಎಚ್‌ಐವಿ, ಸಿಫಿಲಿಸ್, ಗೊನೋರಿಯಾ, ಹೆಪಟೈಟಿಸ್–ಬಿ ಸೋಂಕುಗಳನ್ನು ತಡೆಯುವುದಿಲ್ಲ. ಗರ್ಭ ಮತ್ತು ಸೋಂಕು ಎರಡಕ್ಕೂ ತಡೆಯಾಗಬಲ್ಲದ್ದು ಕಾಂಡೋಮ್ ಮಾತ್ರ. ಚರ್ಮದಿಂದ ಚರ್ಮಕ್ಕೆ ಹರಡುವ ಹರ್ಪಿಸ್, ಎಚ್‌ಪಿವಿಗಳನ್ನು ಅದು ಪೂರ್ತಿ ತಡೆಯದಿದ್ದರೂ ಅಪಾಯ ತಗ್ಗಿಸುತ್ತದೆ.

ಬಗ್ ಇರುವುದು ಬಳಕೆಯಲ್ಲಿ

ಪ್ರತಿ ಸಲವೂ ಸರಿಯಾಗಿ ಬಳಸಿದರೆ ವರ್ಷದಲ್ಲಿ 100 ಮಹಿಳೆಯರಲ್ಲಿ ಸುಮಾರು ಇಬ್ಬರು ಗರ್ಭಿಣಿಯಾಗಬಹುದು. ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಈ ಸಂಖ್ಯೆ ಸುಮಾರು 13. ನಡುವಿನ 11 ನಮ್ಮ ಕೈತಪ್ಪು. ಯಾರೂ ಬಾಯಿಬಿಟ್ಟು ಹೇಳಿಕೊಡದ ಕಾರಣ ಅವು ಹಾಗೇ ಉಳಿದಿವೆ. ಆದ್ದರಿಂದ ನೇರವಾಗಿಯೇ ಬರೆಯುತ್ತೇನೆ.

ಕೊಳ್ಳುವಾಗ ಅವಧಿಯ ದಿನಾಂಕ ನೋಡಿ. ಪೊಟ್ಟಣವನ್ನು ಒತ್ತಿದರೆ ಒಳಗೆ ಗಾಳಿಯ ಗುಳ್ಳೆ ಸಿಗಬೇಕು. ಗಾಳಿ ಇಲ್ಲವೆಂದರೆ ಎಲ್ಲೋ ತೂತಾಗಿದೆ, ಬಿಸಾಕಿ. ತಿಂಗಳುಗಟ್ಟಲೆ ಪರ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ, ಹೈದರಾಬಾದಿನ ಬೇಸಿಗೆಯ ಕಾರಿನಲ್ಲಿ ಇಡಬೇಡಿ. ಬಿಸಿಲು ಮತ್ತು ತಿಕ್ಕಾಟಕ್ಕೆ ರಬ್ಬರು ಹಾಳಾಗುತ್ತದೆ. ಹಲ್ಲು, ಕತ್ತರಿ ಬಳಸದೆ ಕೈಯಲ್ಲಿ ಹರಿಯಿರಿ. ಸಂಪರ್ಕಕ್ಕೆ ಮೊದಲೇ, ನಿಮಿರಿದ ಶಿಶ್ನಕ್ಕೆ, ತುದಿಯ ಗಾಳಿಯನ್ನು ಬೆರಳಲ್ಲಿ ಹಿಂಡಿ ತೆಗೆದು ಬುಡದವರೆಗೆ ಬಿಡಿಸಿ. ನಡುವೆ ಹಾಕಿಕೊಂಡರಾಯಿತು ಎಂಬ ಲೆಕ್ಕ ನಡೆಯುವುದಿಲ್ಲ. ಮುಗಿದ ಕೂಡಲೇ ಬುಡದಲ್ಲಿ ಹಿಡಿದುಕೊಂಡು ಹೊರತೆಗೆಯಿರಿ.

ಕೊಬ್ಬರಿ ಎಣ್ಣೆ ನಮ್ಮ ಮನೆಗಳಲ್ಲಿ ಎಲ್ಲಕ್ಕೂ ಮದ್ದು, ಆದರೆ ಇಲ್ಲಿ ಅದು ಶತ್ರು. ಎಣ್ಣೆ, ವ್ಯಾಸಲೀನ್, ಲೋಷನ್ ತಾಗಿದರೆ ಲೇಟೆಕ್ಸ್ ಕೆಲವೇ ನಿಮಿಷದಲ್ಲಿ ಸಡಿಲವಾಗಿ ಹರಿಯಬಹುದು. ಜಾರುವಿಕೆ ಬೇಕಿದ್ದರೆ ನೀರಿನ ಅಥವಾ ಸಿಲಿಕೋನ್ ಆಧಾರದ ಜೆಲ್ ಸಿಗುತ್ತದೆ. ಎರಡು ಕಾಂಡೋಮ್ ಒಂದರ ಮೇಲೊಂದು ಹಾಕಿದರೆ ಒಂದಕ್ಕೊಂದು ತಿಕ್ಕಿ ಹರಿಯುವ ಸಂಭವವೇ ಹೆಚ್ಚು. ಒಂದನ್ನು ಒಂದೇ ಸಲ ಬಳಸಬೇಕು. ನಂತರ ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ, ಟಾಯ್ಲೆಟ್ಟಿಗೆ ಬೇಡ. ತುರಿಕೆ, ಉರಿ ಬಂದರೆ ಲೇಟೆಕ್ಸ್ ಅಲರ್ಜಿ ಇರಬಹುದು. ಲೇಟೆಕ್ಸ್ ಇಲ್ಲದ ಕಾಂಡೋಮ್‌ಗಳೂ ಇವೆ, ಬೆಲೆ ಹೆಚ್ಚು.

ಹರಿದುಹೋದರೆ? ಗರ್ಭದ ಚಿಂತೆಯಿದ್ದರೆ ತುರ್ತು ಗುಳಿಗೆ. ಸೋಂಕಿನ ಅನುಮಾನವಿದ್ದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಿ. 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಂಡರೆ ಎಚ್‌ಐವಿ ತಗಲುವ ಸಾಧ್ಯತೆಯನ್ನು ಬಹಳಷ್ಟು ಇಳಿಸುವ ಔಷಧವಿದೆ. 1097 ನ್ಯಾಕೋದ ಉಚಿತ ಸಹಾಯವಾಣಿ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದ 1986ರ ದಿನಗಳಿಗೂ ಇಂದಿಗೂ ಅಜಗಜಾಂತರ. ಪರೀಕ್ಷೆಯೂ ಚಿಕಿತ್ಸೆಯೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ.

2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಾಂಡೋಮ್ ಜಾಹೀರಾತುಗಳನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ತೋರಿಸಲು ಟಿವಿ ವಾಹಿನಿಗಳಿಗೆ ಸೂಚಿಸಿತು. ಆ ಜಾಹೀರಾತುಗಳಲ್ಲಿ ಕಲಿಯುವಂಥದ್ದೂ ಹೆಚ್ಚೇನಿರಲಿಲ್ಲ ಬಿಡಿ. ಮೇಲೆ ಬರೆದ ಯಾವ ವಿಷಯವನ್ನೂ ಅವು ಹೇಳಿದ್ದು ನನಗೆ ನೆನಪಿಲ್ಲ. ಹಾಗಾಗಿ ಹೇಳುವ ಕೆಲಸ ನಮ್ಮದೇ. ಪಿಜಿಯಲ್ಲಿರುವ ತಮ್ಮನಿಗೆ, ಮದುವೆ ಗೊತ್ತಾದ ಸಹೋದ್ಯೋಗಿಗೆ, ಹೊಸದಾಗಿ ಊರು ಬಿಟ್ಟು ಬಂದ ಹುಡುಗನಿಗೆ ಹೇಳಬೇಕು. ಹೇಳಲು ಬಾಯಿ ಬಾರದಿದ್ದರೆ ಈ ಪುಟವನ್ನೇ ಕಳಿಸಿ.

ಮುಂದಿನ ತಿಂಗಳ ದಿನಸಿ ಪಟ್ಟಿ ಬರೆಯುವಾಗ ತೊಗರಿಬೇಳೆ, ಸಾಬೂನು, ಟೂತ್‌ಪೇಸ್ಟ್ ಸಾಲಿನಲ್ಲಿ ಅದನ್ನೂ ಒಂದು ಸಾಲು ಬರೆಯಿರಿ. ಆ ಸಾಲು ಗಂಡಸಿನ ಕೈಬರಹದಲ್ಲಿರಲಿ.