ವೋಗ್ ಕ್ಲಾಸಿಗೆ ಹೋಗಲಾ, ಅಪ್ಪಾ?

ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಹತ್ತೂವರೆಗೆ ಗೆಳತಿಯ ಫೋನ್ ಬಂತು. ನ್ಯೂಜೆರ್ಸಿಯಲ್ಲಿ ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ಹಾದಿ ಅವರದು. ಹದಿನಾರು ವರ್ಷದ ಮಗ ಊಟ ಮಾಡುತ್ತಾ ಎರಡು ವಿಷಯ ಹೇಳಿದ್ದನಂತೆ. ಒಂದು, ತಾನು ಗೇ. ಎರಡು, ಶನಿವಾರ ನ್ಯೂಯಾರ್ಕಿನಲ್ಲಿ ನಡೆಯುವ ವೋಗ್ ಡ್ಯಾನ್ಸ್ ಕ್ಲಾಸಿಗೆ ಸೇರಬೇಕು. "ಮೊದಲನೇದಕ್ಕೆ ಇವರು ತುಟಿ ಬಿಚ್ಚಲಿಲ್ಲ ಕಣೇ. ಎರಡನೇದಕ್ಕೆ ಮನೆ ಹಾರಿಹೋಗೋ ಹಾಗೆ ಕೂಗಾಡಿದರು. ನೀನು ಸೈಂಟಿಸ್ಟ್ ಅಲ್ವಾ, ಇದೆಲ್ಲ ಈ ವಯಸ್ಸಿನಲ್ಲಿ ಬಂದು ಹೋಗೋದಾ ಹೇಳು."

ನಾನು ಲ್ಯಾಬಿನಲ್ಲಿ ನೋಡುವುದು ಪ್ರೋಟೀನುಗಳನ್ನು, ಹದಿಹರೆಯದವರನ್ನಲ್ಲ. ಬಂದು ಹೋಗುವ ಜ್ವರದ ಹಾಗೆ ಇದನ್ನು ನೋಡಬೇಡ ಎಂದಷ್ಟೇ ಆ ರಾತ್ರಿ ಹೇಳಿದೆ. ಆದರೆ ಅಪ್ಪನಿಗೆ ಅಷ್ಟು ಸಿಟ್ಟು ಬರಿಸಿದ ಈ ಕುಣಿತ ಯಾವುದು ಅಂತ ಓದುತ್ತಾ ಕೂತೆ, ಬೆಳಗಿನ ಜಾವವಾಯಿತು.

ವೋಗ್ ಹುಟ್ಟಿದ್ದು ನ್ಯೂಯಾರ್ಕಿನ ಹಾರ್ಲೆಮ್‌ನ 'ಬಾಲ್'ಗಳಲ್ಲಿ. ಸ್ಪರ್ಧೆ, ಜಾತ್ರೆ, ನೆಂಟರ ಕೂಟ ಮೂರೂ ಒಂದಾದ ರಾತ್ರಿ ಎಂದರೆ ಅದರ ಅಂದಾಜು ಸಿಗುತ್ತದೆ. ಗಂಡಸರು ಹೆಣ್ಣುಡುಗೆ ತೊಟ್ಟು ಸೇರುವ ಬಾಲ್‌ಗಳು ಹಾರ್ಲೆಮ್‌ನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಇದ್ದವು. 1967ರಲ್ಲಿ ಇಂಥದೇ ಒಂದು ಸೌಂದರ್ಯ ಸ್ಪರ್ಧೆಯಲ್ಲಿ ಕ್ರಿಸ್ಟಲ್ ಲಬೇಜಾ ಎಂಬ ಕಪ್ಪು ಸ್ಪರ್ಧಿ, ತೀರ್ಪುಗಾರರು ಬಿಳಿಯರ ಪಕ್ಷ ವಹಿಸಿದ್ದಾರೆಂದು ವೇದಿಕೆ ಬಿಟ್ಟು ಹೊರನಡೆದರು. 1968ರ 'ದಿ ಕ್ವೀನ್' ಸಾಕ್ಷ್ಯಚಿತ್ರದಲ್ಲಿ ಅವರ ಆ ಸಿಟ್ಟು ಹಾಗೇ ದಾಖಲಾಗಿದೆ. ಎಪ್ಪತ್ತರ ದಶಕದ ಆರಂಭದಲ್ಲಿ ಅವರು ಕಟ್ಟಿದ್ದು 'ಹೌಸ್ ಆಫ್ ಲಬೇಜಾ'.

ಹೌಸ್ ಅಂದರೆ ಅಕ್ಷರಶಃ ಮನೆ, ಮನೆತನ. ಮನೆಗೆ ಒಬ್ಬ 'ಮದರ್' ಅಥವಾ ಒಬ್ಬ 'ಫಾದರ್', ಹಲವು ಮನೆಗಳಿಗೆ ಇಬ್ಬರೂ. ಮಕ್ಕಳು ಹೆಸರಿನ ಮುಂದೆ ಮನೆತನದ ಹೆಸರು ಸೇರಿಸಿಕೊಳ್ಳುತ್ತಾರೆ, ನಾವು ಹೆಸರಿನ ಜೊತೆ ಊರು, ಮನೆತನ ಅಂಟಿಸಿಕೊಳ್ಳುವ ಹಾಗೆ. ಹೆತ್ತವರು ಹೊರಹಾಕಿದ ಕಪ್ಪು ಮತ್ತು ಲ್ಯಾಟಿನೋ ಹುಡುಗ ಹುಡುಗಿಯರಿಗೆ ಈ ಮನೆಗಳು ಆಸರೆಯಾದವು: ಮಲಗಲು ಜಾಗ, ಬಟ್ಟೆ ಹೊಲಿದುಕೊಡುವವರು, ಏಡ್ಸ್ ಕಾಲದಲ್ಲಿ ಆಸ್ಪತ್ರೆಗೆ ಜೊತೆಗೆ ಹೋಗುವವರು.

ಆ ಮನೆಗಳ ನಡುವಿನ ಜಿದ್ದಾಜಿದ್ದಿಯೇ ನೃತ್ಯವಾಯಿತು. ಫ್ಯಾಷನ್ ಪತ್ರಿಕೆಯ ಮಾಡೆಲ್‌ಗಳ ಭಂಗಿಗಳನ್ನು ತಾಳಕ್ಕೆ ಜೋಡಿಸಿದ್ದರಿಂದ ಆ ಪತ್ರಿಕೆಯ ಹೆಸರೇ ಇದಕ್ಕೂ ಬಂತು. ಇವತ್ತು ಕಲಿಸುವ ಶೈಲಿಯಲ್ಲಿ ಐದು ಅಂಗಗಳಿವೆ: ಕೈಗಳ ಕೆಲಸ, ಸೊಂಟ ಬಳುಕಿಸುವ ಕ್ಯಾಟ್‌ವಾಕ್, ಕುಕ್ಕರುಗಾಲಲ್ಲಿ ಪುಟಿಯುತ್ತಾ ಮುಂದೆ ಬರುವ ಡಕ್‌ವಾಕ್, ನೆಲದ ಮೇಲಿನ ಅಭಿನಯ, ಸುತ್ತು ಹೊಡೆದು ಒಂದು ಕಾಲು ಮಡಿಸಿ ಬೆನ್ನು ನೆಲಕ್ಕೆ ತಾಗುವಂತೆ ಬೀಳುವ ಡಿಪ್. ಎಂಬತ್ತರ ದಶಕದಲ್ಲಿ ವಿಲ್ಲಿ ನಿಂಜಾ ಇದಕ್ಕೆ ಮೂಕಾಭಿನಯ, ಕರಾಟೆಯಂಥ ಕಲೆಗಳ ಚುರುಕು ತುಂಬಿದರು. ಹಸ್ತಗಳನ್ನು, ಅರಮಂಡಿಯನ್ನು ಬಾಲ್ಯದಲ್ಲಿ ತಿದ್ದಿಸಿಕೊಂಡ ನನಗೆ ವೀಡಿಯೊ ನೋಡುತ್ತಾ ಅನ್ನಿಸಿದ್ದು ಒಂದೇ: ಇದಕ್ಕೆ ಎಷ್ಟು ವರ್ಷದ ಅಭ್ಯಾಸ ಬೇಕಪ್ಪಾ!

ಈಗ ಹದಿಹರೆಯದವರಿಗೆ, ಇಪ್ಪತ್ತರ ಆಸುಪಾಸಿನವರಿಗೆಂದೇ 'ಕೀಕಿ' ಎಂಬ ಕಿರಿಯರ ಬಾಲ್ ಲೋಕವಿದೆ. ಎಚ್‌ಐವಿ ತಡೆಗೆ ದುಡಿಯುವ ಸಂಘಟನೆಗಳ ಆಸರೆಯಲ್ಲಿ, ಬಹುಮಟ್ಟಿಗೆ ಎಳೆಯರೇ ನಡೆಸುವಂಥದು. 2016ರ 'ಕೀಕಿ' ಸಾಕ್ಷ್ಯಚಿತ್ರದಲ್ಲಿ ಅದನ್ನು ನೋಡಬಹುದು. ದೊಡ್ಡವರ ಬಾಲ್ ಬೆಳಗಿನ ಜಾವದವರೆಗೂ ನಡೆಯುತ್ತದೆ, ಅದಕ್ಕೆ ಹದಿನಾರರ ಹುಡುಗನನ್ನು ನಾನಂತೂ ಕಳಿಸುವುದಿಲ್ಲ. ಹಗಲಿನ ಕ್ಲಾಸ್ ಬೇರೆ ಮಾತು.

ಗೆಳತಿಗೆ ಬೇಕಿದ್ದ 'ಸೈನ್ಸ್' ಸಿಕ್ಕಿತಾ? ಒಂದಷ್ಟು ಸಿಕ್ಕಿತು. 2015ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಬ್ರೆಜಿಲ್‌ನ ಪ್ರೌಢಶಾಲಾ ಮಕ್ಕಳನ್ನು ಗುಂಪುಗುಂಪಾಗಿ ಕುಣಿಸಿ, ಮುಂಚೆ ಮತ್ತು ಆಮೇಲೆ ರಕ್ತದೊತ್ತಡ ನೋಡುವ ಪಟ್ಟಿ ಬಿಗಿದು ನೋವು ತಡೆಯುವ ಶಕ್ತಿ ಅಳೆದರು. ಒಂದೇ ತಾಳದಲ್ಲಿ ಒಂದೇ ಹೆಜ್ಜೆ ಹಾಕಿದವರಲ್ಲಿ ಆ ಶಕ್ತಿಯೂ ಹೆಚ್ಚಿತ್ತು, ಜೊತೆಗಾರರ ಮೇಲಿನ ಆಪ್ತತೆಯೂ ಹೆಚ್ಚಿತ್ತು. ಕ್ವಿಯರ್ ಮಕ್ಕಳನ್ನೇ ಕುರಿತ ಅಧ್ಯಯನವಲ್ಲ ಅದು, ನಿಜ. ಆದರೆ ಒಂಟಿತನ ಯಾವ ಮಕ್ಕಳನ್ನು ಹೆಚ್ಚು ಕಾಡುತ್ತದೋ ಅವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನೊಂದು ಅಂಕಿ ಹೇಳಲು ಕಷ್ಟ, ಆದರೂ ಹೇಳಬೇಕು. 2009ರಲ್ಲಿ ಕೇಟ್ಲಿನ್ ರಯಾನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ 224 ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಯುವಜನರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಹದಿಹರೆಯದಲ್ಲಿ ಮನೆಯವರಿಂದ ತೀವ್ರ ತಿರಸ್ಕಾರ ಕಂಡವರು ಆತ್ಮಹತ್ಯೆಗೆ ಯತ್ನಿಸಿದ್ದೆ ಎನ್ನುವ ಸಾಧ್ಯತೆ ತಿರಸ್ಕಾರ ಕಾಣದ ಅಥವಾ ಅಷ್ಟಾಗಿ ಕಾಣದವರಿಗಿಂತ 8.4 ಪಟ್ಟು ಹೆಚ್ಚಿತ್ತು. ಸಣ್ಣ ಅಧ್ಯಯನ, ಕಾರಣ ಯಾವುದು ಪರಿಣಾಮ ಯಾವುದೆಂದು ಅದೊಂದೇ ಸಾಬೀತು ಮಾಡುವುದಿಲ್ಲ. ಆದರೆ ಅದೇ ತಂಡ 'ತಿರಸ್ಕಾರ' ಎಂದು ಪಟ್ಟಿ ಮಾಡಿದ್ದರಲ್ಲಿ ಹೊಡೆತ, ಮನೆಯಿಂದ ಹೊರಹಾಕುವುದು ಮಾತ್ರ ಇಲ್ಲ. ಅಂಥ ಗೆಳೆಯರ ಜೊತೆ ಸೇರಬೇಡ, ಅಂಥ ಕಾರ್ಯಕ್ರಮಕ್ಕೆ ಹೋಗಬೇಡ ಎನ್ನುವುದೂ ಇದೆ. ಗೆಳತಿಗೆ ಇದನ್ನು ಹೇಳಿದಾಗ ಆಚೆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ.

ಮುಂದಿನ ವಾರ ಅವರ ಮನೆಗೆ ಹೋದೆ. ಅಪ್ಪ ಮಾತಾಡದೆ ಫೋನು ನನ್ನ ಕೈಗಿಟ್ಟರು. ಓಶೇ ಸಿಬ್ಲಿಯ ಸುದ್ದಿ. 2023ರ ಜುಲೈನಲ್ಲಿ ಗೆಳೆಯರ ಜೊತೆ ಬ್ರೂಕ್ಲಿನ್‌ನ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ಬಿಯಾನ್ಸೆ ಹಾಡಿಗೆ ವೋಗ್ ಮಾಡುತ್ತಿದ್ದ 28 ವರ್ಷದ ನೃತ್ಯಗಾರ. ಕುಣಿಯುತ್ತಿದ್ದಕ್ಕೇ ಜಗಳ ತೆಗೆದು ಇರಿದು ಕೊಂದರು. "ನೀವೇ ಹೇಳಿ ಮೇಡಂ, ಇದನ್ನು ಓದಿ ಹೇಗೆ ಕಳಿಸಲಿ?" ಅಂದರು. ಅವರ ಕೂಗಾಟಕ್ಕೆ ಅಸಹ್ಯ ಕಾರಣವೆಂದು ತಿಳಿದಿದ್ದೆ. ನನ್ನದು ತಪ್ಪು. ನನ್ನಲ್ಲಿ ಉತ್ತರವಿರಲಿಲ್ಲ, ಆಮೇಲೆ ಅದೇ ಬಂಕಿನಲ್ಲಿ ನೂರಾರು ಜನ ಸೇರಿ ವೋಗ್ ಮಾಡಿದರು ಎಂಬುದನ್ನಷ್ಟೇ ಹೇಳಿದೆ.

ಹುಡುಗ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ. ಇಳಿದು ಬಂದು ಅವನ ಅಮೆರಿಕನ್ ಕನ್ನಡದಲ್ಲಿ ಕೇಳಿದ: "ಆಂಟಿ, ನನ್ನಂಥವರಿಗೆ ಕನ್ನಡದಲ್ಲಿ ಬೈಗುಳ ಬಿಟ್ಟು ಬೇರೆ ವರ್ಡ್ ಇದೆಯಾ?" ಬೇಸಿಗೆಗೆ ಊರಿಗೆ ಹೋದಾಗ 'ಹೆಣ್ಣಿಗ' ಅನ್ನಿಸಿಕೊಂಡಿದ್ದನಂತೆ. ಮಕ್ಕಳು ಕನ್ನಡ ಮಾತಾಡುವುದಿಲ್ಲ ಎಂದು ಕೊರಗುವ ನಾವು, ಅವರ ಬದುಕಿನ ಈ ಭಾಗಕ್ಕೆ ಒಂದು ಒಳ್ಳೆಯ ಪದವನ್ನೂ ಕೊಟ್ಟಿರಲಿಲ್ಲ. 'ಸಲಿಂಗಿ' ಅಂದೆ, ಪಠ್ಯಪುಸ್ತಕದ ಹಾಗೆ ಕೇಳಿಸಿತು. 'ಕ್ವಿಯರ್' ಅಂತಲೇ ಅನ್ನು, ಕನ್ನಡದಲ್ಲೂ ಈಗ ಬರೆಯುತ್ತಾರೆ ಅಂದೆ. ಅವನ ಕ್ಲಾಸಿನ ಒಬ್ಬರಿಗೆ ಇಂಗ್ಲಿಷಿನಲ್ಲಿ 'ದೇ' ಎಂದೇ ಹೇಳಬೇಕಂತೆ. ಅದಕ್ಕೆ ಮಾತ್ರ ಅಮ್ಮ ತಟ್ಟನೆ "ಅವರು ಅಂದರಾಯ್ತು" ಅಂದಳು. ಇಂಗ್ಲಿಷ್ ತಡಕಾಡಿದ್ದು ನಮ್ಮಲ್ಲಿ ಮೊದಲಿನಿಂದಲೂ ಇತ್ತು.

ಪದಕ್ಕಿಂತ ಒಂದು ವೀಡಿಯೊ ಹೆಚ್ಚು ಕೆಲಸ ಮಾಡಿತು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಲು ಬಂದ ಮಂಜಮ್ಮ ಜೋಗತಿ, ರಾಷ್ಟ್ರಪತಿಗಳ ಎದುರು ಸೆರಗು ಹಿಡಿದು ದೃಷ್ಟಿ ತೆಗೆದದ್ದು. ಬಳ್ಳಾರಿ ಸೀಮೆಯಲ್ಲಿ ಗಂಡುಮಗುವಾಗಿ ಹುಟ್ಟಿ, ಮನೆ ಬಿಟ್ಟು, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯ ತಂಡದಲ್ಲಿ ಜೋಗತಿ ನೃತ್ಯ ಕಲಿತವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮೊದಲ ಟ್ರಾನ್ಸ್‌ಜೆಂಡರ್ ವ್ಯಕ್ತಿ. ಹಾರ್ಲೆಮ್‌ಗೂ ಎಲ್ಲಮ್ಮನ ಗುಡ್ಡಕ್ಕೂ ನಂಟು ಕಟ್ಟುವುದು ಬೇಡ. ಮುತ್ತು ಕಟ್ಟುವ ಪದ್ಧತಿಯ ಹಿಂದಿನ ಬಡತನ, ಬಲವಂತ ನೆನೆದರೆ ಹೊಗಳಿ ಮುಗಿಸಲೂ ಆಗದು. ಆದರೂ ಹುಡುಗ ಆ ಸೆರಗಿನ ಸನ್ನೆಯನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿ, "ಹ್ಯಾಂಡ್ಸ್!" ಅಂದ. ಬಾಲ್‌ನಲ್ಲಿ ಅದು ದೊಡ್ಡ ಮೆಚ್ಚುಗೆ ಎಂದು ಅಪ್ಪನಿಗೆ ಅವನೇ ವಿವರಿಸಿದ.

ಎರಡು ಶನಿವಾರ ಕಳೆದ ಮೇಲೆ ಅಪ್ಪನೇ ಡ್ರೈವ್ ಮಾಡಿಕೊಂಡು ಹೋದರು. ಹೊರಗೆ ಕಾರಿನಲ್ಲೇ ಕೂತಿರುತ್ತೇನೆ ಎಂಬ ಷರತ್ತು, ಈಗಲೂ ಅದು ಸಡಿಲವಾಗಿಲ್ಲ. ಮೊದಲ ದಿನ ಚಳಿ ತಡೆಯಲಾರದೆ ಒಳಗೆ ಹೋಗಿ, ಬಾಗಿಲ ಸಂದಿಯಿಂದ ಮಗ ಡಿಪ್ ಅಭ್ಯಾಸ ಮಾಡುವುದನ್ನು ನೋಡಿದ್ದಾರೆ. ಮನೆಗೆ ಬಂದವರೇ ಹೆಂಡತಿಗೆ ಹೇಳಿದ್ದಿಷ್ಟು: "ಧಬಕ್ ಅಂತ ಬೀಳ್ತಾನೆ ಕಣೇ, ಮಂಡಿ ಏನಾಗಬೇಕು? ನಾಳೆ ದಪ್ಪದ್ದು ನೀ-ಪ್ಯಾಡ್ ತರಿಸು."