ತರಗತಿಯಲ್ಲಿ ಕಂಸಾಳೆ: ಮೌಖಿಕ ಕಾವ್ಯದ ಬೋಧನೆ ಮತ್ತು ಸಂವಾದಾತ್ಮಕ ವಿಡಿಯೊ

ಜನಪದ ಮಹಾಕಾವ್ಯಗಳು ನಮ್ಮ ಶಾಲೆ ಕಾಲೇಜುಗಳ ಪಠ್ಯಕ್ರಮವನ್ನು ಪ್ರವೇಶಿಸಿದ್ದು ಬಹುಮಟ್ಟಿಗೆ ಮುದ್ರಿತ ಪಠ್ಯದ ರೂಪದಲ್ಲಿ. ಹಾಡುಗಾರನ ಧ್ವನಿ, ವಾದ್ಯದ ನಾದ, ಹಿಮ್ಮೇಳದ ಸೊಲ್ಲು, ಕೇಳುಗರ ಪ್ರತಿಕ್ರಿಯೆ ಇವೆಲ್ಲವೂ ಕಳಚಿಹೋದ ಮೇಲೆ ಉಳಿಯುವ ಪದ್ಯಭಾಗವನ್ನೇ ವಿದ್ಯಾರ್ಥಿಗಳು ಕಾವ್ಯವೆಂದು ಓದುತ್ತ ಬಂದಿದ್ದಾರೆ. ವಿಡಿಯೊ ಹಾಗೂ ಡಿಜಿಟಲ್ ಪಾಠಗಳು ತರಗತಿಗೆ ಬಂದ ಮೇಲೆ ಈ ಕೊರತೆ ನೀಗಿತೆಂಬ ಭಾವನೆ ಬೆಳೆದಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಮಲೆ ಮಾದೇಶ್ವರ ಕಾವ್ಯದ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರ್ನಾಟಕದಲ್ಲಿ ತಂತ್ರಜ್ಞಾನಾಧಾರಿತ ಬೋಧನೆಯ ಒಂದು ಮುಖ್ಯ ಪ್ರಯೋಗ ನಡೆದದ್ದು ಮಾದೇಶ್ವರನ ನೆಲವಾದ ಚಾಮರಾಜನಗರ ಜಿಲ್ಲೆಯಲ್ಲಿಯೇ ಎಂಬುದು ಗಮನಾರ್ಹ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡ ಎಡುಸ್ಯಾಟ್ ಉಪಗ್ರಹದ ಮೂಲಕ ಈ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳನ್ನು ಬಿತ್ತರಿಸಲಾಯಿತು. ಆ ಉಪಗ್ರಹದ ಸೇವೆ 2010ರಲ್ಲಿ ಮುಗಿಯಿತು. ದೂರದ ಹಳ್ಳಿಗೂ ಒಳ್ಳೆಯ ಪಾಠ ತಲುಪಬೇಕೆಂಬ ಅದರ ಆಶಯ ದೊಡ್ಡದು. ಆದರೆ ಬಿತ್ತರಿಕೆಯ ಸ್ವಭಾವವೇ ಬೇರೆ. ನಿಗದಿತ ವೇಳೆಗೆ ಆರಂಭವಾದ ಪಾಠ ಒಂದು ತರಗತಿಯ ಮಕ್ಕಳಿಗಾಗಿ ನಿಲ್ಲುವುದಿಲ್ಲ, ಹಿಂದಕ್ಕೆ ಹೋಗುವುದಿಲ್ಲ. ಮೌಖಿಕ ಪರಂಪರೆಯ ಕಥನವಾದರೋ ನಿಂತು ನಿಂತು ಸಾಗುವಂಥದು. ಕೇಳುಗರು ಹೂಂಗುಟ್ಟದಿದ್ದರೆ ಕಥೆ ಮುಂದೆ ಸಾಗದೆಂಬುದು ಕಥೆ ಹೇಳುವವರೆಲ್ಲ ಬಲ್ಲ ಮಾತು.

ಸಂವಾದಾತ್ಮಕ ವಿಡಿಯೊ ಎಂಬುದರ ವೈಶಿಷ್ಟ್ಯ ಇರುವುದು ಈ ನಿಲುಗಡೆಯಲ್ಲಿ. ದೃಶ್ಯದ ಆಯ್ದ ಕ್ಷಣಗಳಲ್ಲಿ ವಿಡಿಯೊ ತಾನಾಗಿ ನಿಲ್ಲುತ್ತದೆ. ಪ್ರಶ್ನೆಯೊಂದು ತೆರೆಯ ಮೇಲೆ ಮೂಡುತ್ತದೆ. ಉತ್ತರಿಸಿದ ಮೇಲೆ ಮುಂದಕ್ಕೆ ಚಲಿಸುತ್ತದೆ. ಅಗತ್ಯವಿದ್ದರೆ ಉತ್ತರಕ್ಕೆ ತಕ್ಕಂತೆ ಹಿಂದಿನ ಭಾಗಕ್ಕೋ ಬೇರೊಂದು ಭಾಗಕ್ಕೋ ಕರೆದೊಯ್ಯುತ್ತದೆ. ವಾದ್ಯದ ಚಿತ್ರವನ್ನು ಮುಟ್ಟಿದರೆ ಅದರ ವಿವರಣೆ ತೆರೆದುಕೊಳ್ಳುವಂತೆಯೂ ಮಾಡಬಹುದು. ನಾರ್ವೆಯಲ್ಲಿ 2013ರಲ್ಲಿ ರೂಪುಗೊಂಡ ಎಚ್‌ಫೈವ್‌ಪಿ ಎಂಬ ಮುಕ್ತ ತಂತ್ರಾಂಶದಿಂದ ಇಂಥ ಪಾಠವನ್ನು ಅಧ್ಯಾಪಕರೇ ಸಿದ್ಧಪಡಿಸಬಹುದು. 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಮೂಲಕ ಪಠ್ಯಪುಸ್ತಕದ ಕ್ಯೂಆರ್ ಸಂಕೇತದಿಂದ ಡಿಜಿಟಲ್ ಪಾಠವನ್ನು ತಲುಪುವ ವ್ಯವಸ್ಥೆಯೂ ಬಂದಿದೆ.

ಇನ್ನು ಕಂಸಾಳೆಯ ವಿಷಯ. ಬಟ್ಟಲಿನಾಕಾರದ ಒಂದು ತಾಳ ಎಡಗೈಯಲ್ಲಿ, ದಾರಕ್ಕೆ ಕಟ್ಟಿದ ಚಪ್ಪಟೆಯಾದ ಇನ್ನೊಂದು ತಾಳ ಬಲಗೈಯಲ್ಲಿ. ಇವೆರಡರ ತಾಡನವೇ ಕಂಸಾಳೆಯ ನಾದ. ಮಾದೇಶ್ವರನ ದೀಕ್ಷೆ ಪಡೆದ ದೇವರಗುಡ್ಡರು ಇದನ್ನು ನುಡಿಸುತ್ತ ರಾತ್ರಿಯಿಡೀ ಕಾವ್ಯವನ್ನು ಹಾಡುವುದು ಒಂದು ಬಗೆ. ತಾಳಗಳನ್ನು ಬೀಸುತ್ತ ಕುಣಿಯುವ ಬೀಸು ಕಂಸಾಳೆ ಇನ್ನೊಂದು ಬಗೆ. ಐದು ನಿಮಿಷದ ವಿಡಿಯೊಗೆ ಒದಗುವುದು ಎರಡನೆಯದು ಮಾತ್ರ. ಅದನ್ನಷ್ಟೇ ನೋಡಿದ ವಿದ್ಯಾರ್ಥಿಗೆ ಕಂಸಾಳೆಯೆಂದರೆ ಕಸರತ್ತಿನ ಕುಣಿತವೆಂಬ ಭಾವನೆ ಉಳಿಯುತ್ತದೆ. ಮುದ್ರಣದಲ್ಲಿ ಪ್ರದರ್ಶನ ಕಳೆದುಹೋಯಿತೆಂದು ಕೊರಗಿದ ನಾವು ವಿಡಿಯೊದಲ್ಲಿ ಕಾವ್ಯವನ್ನೇ ಕಳೆದುಕೊಳ್ಳುವ ಅಪಾಯವಿದೆ.

ಆದುದರಿಂದ ಪಾಠವನ್ನು ಕಾವ್ಯದ ಒಂದು ಸಾಲಿನ ಸುತ್ತ ಕಟ್ಟುವುದು ಸೂಕ್ತ. ಉದಾಹರಣೆಗೆ ಸಂಕಮ್ಮನ ಸಾಲನ್ನು ತೆಗೆದುಕೊಳ್ಳಬಹುದು. ಕಾಡಿಗೆ ಹೊರಡುವ ಮುನ್ನ ನೀಲೇಗೌಡ ಹೆಂಡತಿಯಿಂದ ಬಲಗೈ ಭಾಷೆ ಕೇಳುತ್ತಾನೆ. ವಿಡಿಯೊವನ್ನು ಇಲ್ಲಿ ನಿಲ್ಲಿಸಿ, ಸಂಕಮ್ಮ ಭಾಷೆ ಕೊಡಬೇಕೆ, ಕೊಟ್ಟರೆ ತನ್ನ ಬಗೆಗಿನ ಅನುಮಾನವನ್ನು ತಾನೇ ಒಪ್ಪಿದಂತಾಗುವುದೆ ಎಂದು ಕೇಳಬೇಕು. ಮಕ್ಕಳು ಚರ್ಚಿಸಿದ ಅನಂತರ ಅವಳ ನಿರಾಕರಣೆಯನ್ನು ಹಾಡಿನಲ್ಲಿ ಕೇಳಿದರೆ ಆ ಭಾಗದ ನೈತಿಕ ತೂಕ ಮನದಟ್ಟಾಗುತ್ತದೆ. ಎರಡನೆಯ ನಿಲುಗಡೆ ಹಿಮ್ಮೇಳದವರು ಸೊಲ್ಲೆತ್ತಿಕೊಳ್ಳುವ ಜಾಗದಲ್ಲಿರಲಿ. ಹಾಡು ಎಲ್ಲಿ ಮಾತಾಯಿತು, ಏಕಾಯಿತು ಎಂಬ ಪ್ರಶ್ನೆ ಅಲ್ಲಿ ಸಹಜವಾಗಿ ಏಳುತ್ತದೆ. ಸರಿ ತಪ್ಪುಗಳ ಗುರುತು ಹಾಕಿ ಅಂಕ ಕೊಡುವ ಪ್ರಶ್ನೆಗಳಿಗಿಂತ ಇಂಥ ಪ್ರಶ್ನೆಗಳೇ ಹೆಚ್ಚು ಉಪಯುಕ್ತ. ತಂತ್ರಾಂಶವಿಲ್ಲದ ಶಾಲೆಯಲ್ಲಿಯೂ ಅಧ್ಯಾಪಕರು ವಿಡಿಯೊವನ್ನು ಕೈಯಿಂದಲೇ ನಿಲ್ಲಿಸಿ ಈ ಕೆಲಸವನ್ನು ಮಾಡಬಹುದು.

ಇನ್ನೊಂದು ಸಮಸ್ಯೆ ಪಾಠಾಂತರದ್ದು. ಮೌಖಿಕ ಕಾವ್ಯಕ್ಕೆ ಒಂದೇ ಅಧಿಕೃತ ಪಾಠವಿಲ್ಲ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಂದಿಗೆ ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರಿಂದ 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದ ತುಳುವಿನ ಸಿರಿ ಕಾವ್ಯ 15,683 ಸಾಲುಗಳಷ್ಟು ದೀರ್ಘವಾದುದು. ಅದೇ ಗಾಯಕ ನಾಟಿಯ ಗದ್ದೆಯಲ್ಲಿ ಹಾಡುವಾಗ, ಸಿರಿ ಆಚರಣೆಯಲ್ಲಿ ತೊಡಗಿದಾಗ ಕಾವ್ಯದ ರೂಪ, ವಿಸ್ತಾರಗಳು ಬೇರೆಯಾಗುತ್ತವೆ. ಒಂದೇ ವಿಡಿಯೊವನ್ನು ವರ್ಷ ವರ್ಷವೂ ತೋರಿಸಿದರೆ ಅದೇ ಮೂಲಪಾಠವೆಂಬ ಭ್ರಮೆ ಹುಟ್ಟುತ್ತದೆ. ಒಂದೇ ಭಾಗವನ್ನು ಇಬ್ಬರು ಹಾಡುಗಾರರು ಹಾಡಿದ ದೃಶ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಲು ಹೇಳುವುದು ಇದಕ್ಕೆ ಪರಿಹಾರ. ಪುಸ್ತಕದಲ್ಲಿ ಕಷ್ಟಸಾಧ್ಯವಾದ ಈ ಹೋಲಿಕೆ ಡಿಜಿಟಲ್ ಪಾಠದಲ್ಲಿ ಸುಲಭ.

ಕಲಾವಿದರ ಒಪ್ಪಿಗೆಯ ಪ್ರಶ್ನೆಯನ್ನೂ ಇಲ್ಲಿ ಮರೆಯುವಂತಿಲ್ಲ. ಸಂಶೋಧನೆಗೆಂದು ಹಾಡಿದವರು ತಮ್ಮ ದೃಶ್ಯ ಎಲ್ಲೆಡೆ ಹಂಚಿಕೆಯಾಗಲೆಂದು ಒಪ್ಪಿದಂತಾಗುವುದಿಲ್ಲ. ಆಚರಣೆಗೆ ಸಂಬಂಧಿಸಿದ ಭಾಗಗಳನ್ನು ಪಾಠಕ್ಕೆ ಬಳಸುವ ಮುನ್ನ ಮತ್ತೆ ಅನುಮತಿ ಪಡೆಯುವುದು, ಹಾಡುಗಾರರ ಹೆಸರು, ಊರು, ದಾಖಲಿಸಿದ ದಿನಾಂಕಗಳನ್ನು ಅವರ ಇಚ್ಛೆಯಂತೆ ನಮೂದಿಸುವುದು, ತಕ್ಕ ಸಂಭಾವನೆ ಸಲ್ಲಿಸುವುದು ಅಗತ್ಯ.

ಚಾಮರಾಜನಗರದ ತರಗತಿಯೊಂದರಲ್ಲಿ ದೇವರಗುಡ್ಡರ ಮನೆಯ ಮಗುವೂ ಇರಬಹುದು. ತೆರೆಯ ಮೇಲಿನ ಕಾವ್ಯವನ್ನು ಆ ಮಗು ಅಧ್ಯಾಪಕರಿಗಿಂತ ಹೆಚ್ಚು ಬಲ್ಲದು. ಪಾಠ ಮೇಲಿನಿಂದ ಕೆಳಕ್ಕಷ್ಟೇ ಹರಿದರೆ ಆ ಮಗು ತನ್ನ ಮನೆಯ ವಿದ್ಯೆಗೆ ತಾನೇ ಪ್ರೇಕ್ಷಕನಾಗಿ ಕೂರಬೇಕಾಗುತ್ತದೆ. ವಿಡಿಯೊ ನಿಂತಾಗ ‘ನಮ್ಮ ಅಜ್ಜ ಇದನ್ನು ಬೇರೆ ಥರ ಹಾಡ್ತಾರೆ’ ಎಂದು ಹೇಳಲು ಅದಕ್ಕೆ ಅವಕಾಶವಿರಬೇಕು. ಆ ಹಾಡಿಕೆಯನ್ನು, ಮನೆಯವರ ಒಪ್ಪಿಗೆಯಿದ್ದಲ್ಲಿ, ಪಾಠಕ್ಕೆ ಸೇರಿಸುವ ವ್ಯವಸ್ಥೆಯೂ ಇರಬೇಕು. ಜಾನಪದ ಬೋಧನೆಗೆ ಡಿಜಿಟಲ್ ಸಾಧನಗಳನ್ನು ಸಿದ್ಧಪಡಿಸುವ ಸಂಸ್ಥೆಗಳು ಈ ಅಂಶವನ್ನು ಯೋಜನೆಯ ಹಂತದಲ್ಲಿಯೇ ಪರಿಗಣಿಸುವುದು ಒಳಿತು.